ವಿಮಾನ ಇಂಧನ

ವಿಮಾನ ಇಂಧನ ಎಂದರೆ ವಿಮಾನ, ಹೆಲಿಕಾಪ್ಟರ್ ಮೊದಲಾದ ವಾಯುವಾಹನಗಳ ಎಂಜಿನ್‌ಗಳಲ್ಲಿ ಉರಿಸಲು ನಿಗದಿತ ಮಾನದಂಡಕ್ಕೆ ಅನುಗುಣವಾಗಿ ತಯಾರಿಸಿದ ಇಂಧನ. ಇಂದು ಬಳಕೆಯಲ್ಲಿರುವ ವಿಮಾನ ಇಂಧನಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ಪಿಸ್ಟನ್ ಎಂಜಿನ್ ಇರುವ ಸಣ್ಣ ವಿಮಾನಗಳು ಏವ್‌ಗ್ಯಾಸ್ ಎಂದು ಕರೆಯಲಾಗುವ ವಿಮಾನ ಪೆಟ್ರೋಲನ್ನು ಬಳಸುತ್ತವೆ. ಜೆಟ್, ಟರ್ಬೊಪ್ರಾಪ್ ಹಾಗೂ ಟರ್ಬೈನ್ ಹೆಲಿಕಾಪ್ಟರ್‌ಗಳು ಸೀಮೆಎಣ್ಣೆಯ ಜಾತಿಗೆ ಸೇರಿದ ಟರ್ಬೈನ್ ಇಂಧನವನ್ನು ಬಳಸುತ್ತವೆ. ಭಾರತದಲ್ಲಿ ಈ ಎರಡನೆಯದು ಎಟಿಎಫ್ ಎಂಬ ಹೆಸರಿನಿಂದ ಪರಿಚಿತ.

ವಿಮಾನಗಳೆಲ್ಲವೂ ಪೆಟ್ರೋಲಿನಿಂದಲೇ ಹಾರುತ್ತವೆ ಎಂಬ ತಿಳಿವಳಿಕೆ ಸರಿಯಲ್ಲ. ಪ್ರಯಾಣಿಕರು ಸಾಮಾನ್ಯವಾಗಿ ಏರುವ ವಿಮಾನಗಳಲ್ಲಿ ಉರಿಯುವುದು ಶುದ್ಧೀಕರಿಸಿದ ಸೀಮೆಎಣ್ಣೆ. ಯಾವ ವಿಮಾನಕ್ಕೆ ಯಾವ ಇಂಧನ ಎಂಬುದನ್ನು ವಿಮಾನದ ಗಾತ್ರವಾಗಲಿ ವೇಗವಾಗಲಿ ನಿರ್ಧರಿಸುವುದಿಲ್ಲ. ಅದರ ಎಂಜಿನ್‌ನ ಬಗೆ ನಿರ್ಧರಿಸುತ್ತದೆ. ಈ ಎರಡು ಇಂಧನಗಳನ್ನು ಒಂದರ ಬದಲು ಇನ್ನೊಂದು ಎಂದು ಬಳಸುವಂತಿಲ್ಲ. ಅದಲುಬದಲಾದಾಗ ಹಾರಾಟದ ನಡುವೆಯೇ ಎಂಜಿನ್ ನಿಂತುಹೋದ ಪ್ರಕರಣಗಳಿವೆ.

ಇತಿಹಾಸ

1903ರಲ್ಲಿ ರೈಟ್ ಸಹೋದರರು ಹಾರಿಸಿದ ವಿಮಾನದಲ್ಲಿ ಸುಮಾರು 12 ಅಶ್ವಶಕ್ತಿಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಇತ್ತು. ಆಗ ವಿಮಾನಕ್ಕೆಂದೇ ಪ್ರತ್ಯೇಕ ಇಂಧನ ಇರಲಿಲ್ಲ. ಎಂಜಿನ್‌ಗಳ ಶಕ್ತಿ ಹೆಚ್ಚಿದಂತೆ, ಸಿಲಿಂಡರಿನೊಳಗೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವು ಸಕಾಲಕ್ಕೆ ಮೊದಲೇ ಸ್ಫೋಟಿಸುವ ನಾಕಿಂಗ್ ಎಂಬ ದೋಷ ದೊಡ್ಡ ಸಮಸ್ಯೆಯಾಯಿತು. ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿದರೆ ಈ ದೋಷ ತಗ್ಗುತ್ತದೆ ಎಂಬುದು 1921ರಲ್ಲಿ ಅಮೆರಿಕದಲ್ಲಿ ಕಂಡುಬಂದಿತು. ಎರಡನೆಯ ಮಹಾಯುದ್ಧದ ವೇಳೆಗೆ 100 ಆಕ್ಟೇನ್ ಇಂಧನ ಬಳಕೆಗೆ ಬಂದಿತ್ತು. 1940ರ ಬ್ರಿಟನ್ ಕದನದಲ್ಲಿ ಬ್ರಿಟಿಷ್ ಯುದ್ಧವಿಮಾನಗಳು ಇದನ್ನು ಬಳಸಿದವು.

ಭಾರತದ ನಾಗರಿಕ ವಿಮಾನಯಾನವೂ ಪೆಟ್ರೋಲಿನಿಂದಲೇ ಆರಂಭವಾಯಿತು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಅಂಚೆ ಚೀಲಗಳೊಂದಿಗೆ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಪಸ್ ಮಾತ್ ವಿಮಾನವನ್ನು ಹಾರಿಸಿದರು. ಅಹಮದಾಬಾದಿನಲ್ಲಿ ವಿಮಾನಕ್ಕೆ ತುಂಬಿಸಿದ ಪೆಟ್ರೋಲ್ ಡಬ್ಬಿಗಳು ಎತ್ತಿನ ಗಾಡಿಯಲ್ಲಿ ಬಂದಿದ್ದವು. ಮುಂಬಯಿಯಿಂದ ಮುಂದೆ ನೆವಿಲ್ ವಿನ್ಸೆಂಟ್ ಅವರು ಅಂಚೆಯನ್ನು ಬಳ್ಳಾರಿಯ ಮೂಲಕ ಚೆನ್ನೈಗೆ ಒಯ್ದರು. ಹೀಗೆ ದೇಶದ ಮೊದಲ ನಿಯಮಿತ ಅಂಚೆ ವಿಮಾನ ಮಾರ್ಗದಲ್ಲಿ ಬಳ್ಳಾರಿಯೂ ಒಂದು ನಿಲ್ದಾಣವಾಗಿತ್ತು.

ಟರ್ಬೈನ್ ಎಂಜಿನ್‌ಗಳು ಈ ಚಿತ್ರವನ್ನು ಬದಲಿಸಿದವು. ಜರ್ಮನಿಯ ಹೈಂಕೆಲ್ ಹೆಚ್‌ಇ 178 ವಿಮಾನವು 1939ರ ಆಗಸ್ಟ್ 27ರಂದು ಜೆಟ್ ಎಂಜಿನ್‌ನಿಂದ ಹಾರಿದ ಮೊದಲ ವಿಮಾನವಾಯಿತು. 1941ರ ಮೇ 15ರಂದು ಬ್ರಿಟನ್ನಿನಲ್ಲಿ ಫ್ರಾಂಕ್ ವಿಟಲ್ ಅವರ ಎಂಜಿನ್ ಹೊತ್ತ ಗ್ಲಾಸ್ಟರ್ ವಿಮಾನ ಹಾರಿತು. ಅದರ ಇಂಧನ ಸೀಮೆಎಣ್ಣೆ. ಯುದ್ಧಕಾಲದಲ್ಲಿ ಪೆಟ್ರೋಲಿಗೆ ಇದ್ದಷ್ಟು ಬೇಡಿಕೆ ಸೀಮೆಎಣ್ಣೆಗೆ ಇರಲಿಲ್ಲ. ಅದು ಸುಲಭವಾಗಿ ಆವಿಯಾಗದ ಕಾರಣ ಸಾಗಿಸುವುದೂ ಸಂಗ್ರಹಿಸುವುದೂ ಹೆಚ್ಚು ಸುರಕ್ಷಿತವಾಗಿತ್ತು. 1960ರಲ್ಲಿ ಏರ್ ಇಂಡಿಯಾ ಬೋಯಿಂಗ್ 707 ಜೆಟ್‌ಗಳನ್ನು ಬಳಕೆಗೆ ತಂದಿತು. ಅಲ್ಲಿಂದ ಮುಂದೆ ಪ್ರಯಾಣಿಕ ಸಾರಿಗೆಯಲ್ಲಿ ಟರ್ಬೈನ್ ಇಂಧನದ ಬಳಕೆ ಬೆಳೆಯುತ್ತ ಹೋಯಿತು.

ಎರಡು ಬಗೆಯ ಎಂಜಿನ್, ಎರಡು ಬಗೆಯ ಇಂಧನ

ಪಿಸ್ಟನ್ ಎಂಜಿನ್‌ನಲ್ಲಿ ಇಂಧನ ಮತ್ತು ಗಾಳಿಯ ಮಿಶ್ರಣವನ್ನು ಸಿಲಿಂಡರಿನಲ್ಲಿ ಒತ್ತಿ, ನಿಶ್ಚಿತ ಕ್ಷಣದಲ್ಲಿ ಕಿಡಿ ಹೊತ್ತಿಸಲಾಗುತ್ತದೆ. ಕಿಡಿ ಬರುವವರೆಗೂ ಮಿಶ್ರಣವು ಒತ್ತಡವನ್ನು ತಾಳಿಕೊಂಡು ತಾನಾಗಿ ಹೊತ್ತಿಕೊಳ್ಳದೆ ಇರಬೇಕು. ಈ ತಾಳಿಕೆಯ ಅಳತೆಯೇ ಆಕ್ಟೇನ್ ಸಂಖ್ಯೆ. ಜೊತೆಗೆ ಇಂಧನವು ಸುಲಭವಾಗಿ ಆವಿಯಾಗಿ ಗಾಳಿಯೊಡನೆ ಬೆರೆಯಬೇಕು. ಆದರೆ ಎತ್ತರಕ್ಕೆ ಏರಿದಂತೆ ವಾಯುವಿನ ಒತ್ತಡ ಕಡಿಮೆಯಾಗುವುದರಿಂದ ಅದು ಕೊಳವೆಯೊಳಗೇ ಆವಿಯಾಗಿ ಗುಳ್ಳೆಗಟ್ಟಬಾರದು. ಗುಳ್ಳೆ ತುಂಬಿದರೆ ಎಂಜಿನ್‌ಗೆ ಇಂಧನದ ಹರಿವು ತಡೆಯುತ್ತದೆ.

ಟರ್ಬೈನ್ ಎಂಜಿನ್‌ನಲ್ಲಿ ಇಂಥ ಬಿಡಿಬಿಡಿ ಸ್ಫೋಟಗಳಿಲ್ಲ. ಒಳಬಂದ ಗಾಳಿಯನ್ನು ಸಂಪೀಡಕವು ಒತ್ತಿ ದಹನಕೋಶಕ್ಕೆ ಕಳುಹಿಸುತ್ತದೆ. ಅಲ್ಲಿ ಇಂಧನವು ಸಣ್ಣ ಹನಿಗಳಾಗಿ ಸಿಂಪಡಣೆಯಾಗಿ ನಿರಂತರ ಉರಿಯುತ್ತದೆ. ಆದ್ದರಿಂದ ಆಕ್ಟೇನ್ ಸಂಖ್ಯೆಗೆ ಇಲ್ಲಿ ಪ್ರಾಮುಖ್ಯವಿಲ್ಲ. ಇಲ್ಲಿ ಬೇಕಾದ ಗುಣಗಳು ಬೇರೆ: ತೂಕಕ್ಕೆ ತಕ್ಕ ಹೆಚ್ಚಿನ ಶಾಖ, ಕಡು ಚಳಿಯಲ್ಲೂ ಹರಿಯುವ ಗುಣ, ಮಸಿ ಕಡಿಮೆ ಇರುವ ಜ್ವಾಲೆ ಮತ್ತು ಪಂಪಿನ ಭಾಗಗಳು ಸವೆಯದಂತೆ ಕಾಯುವ ಜಿಡ್ಡು.

ವಿಮಾನ ಪೆಟ್ರೋಲ್

ವಿಮಾನ ಪೆಟ್ರೋಲಿನ ದರ್ಜೆಗಳನ್ನು ಬಣ್ಣದಿಂದ ಗುರುತಿಸುತ್ತಾರೆ. ಗುರುತಿಗಾಗಿಯೇ ಇಂಧನಕ್ಕೆ ಬಣ್ಣವನ್ನು ಬೆರೆಸಲಾಗುತ್ತದೆ.

• 80 ದರ್ಜೆ: ಕೆಂಪು. ಕಡಿಮೆ ಶಕ್ತಿಯ ಹಳೆಯ ಎಂಜಿನ್‌ಗಳಿಗೆ ಬಳಕೆಯಾಗುತ್ತಿತ್ತು.
• 100 ದರ್ಜೆ: ಹಸಿರು. ಲೀಟರಿಗೆ ಗರಿಷ್ಠ 1.12 ಗ್ರಾಂ ಸೀಸ ಇರಬಹುದು.
• 100 ಎಲ್‌ಎಲ್: ನೀಲಿ. ‘ಎಲ್‌ಎಲ್’ ಎಂದರೆ ಕಡಿಮೆ ಸೀಸದ ದರ್ಜೆ; ಲೀಟರಿಗೆ ಗರಿಷ್ಠ 0.56 ಗ್ರಾಂ. ಇಂದು ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ವಿಮಾನ ಪೆಟ್ರೋಲ್ ಇದೇ.
• 115/145 ದರ್ಜೆ: ನೇರಳೆ. ಮಹಾಯುದ್ಧದ ಕಾಲದ ಹಾಗೂ ಅನಂತರದ ದೊಡ್ಡ ಪಿಸ್ಟನ್ ಎಂಜಿನ್‌ಗಳಿಗಾಗಿ ತಯಾರಾಗುತ್ತಿತ್ತು.

ಸೆಸ್ನಾ 152, ಸೆಸ್ನಾ 172 ಮೊದಲಾದ ತರಬೇತಿ ವಿಮಾನಗಳು ಹಾಗೂ ರಾಬಿನ್ಸನ್ ಆರ್44ನಂಥ ಸಣ್ಣ ಹೆಲಿಕಾಪ್ಟರ್‌ಗಳು 100 ಎಲ್‌ಎಲ್ ಬಳಸುತ್ತವೆ. ರಸ್ತೆ ವಾಹನಗಳ ಪೆಟ್ರೋಲಿನಿಂದ ಸೀಸವನ್ನು ತೆಗೆದು ದಶಕಗಳಾದರೂ ವಿಮಾನ ಪೆಟ್ರೋಲಿನಲ್ಲಿ ಅದು ಉಳಿದಿದೆ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿಕರ. ವಿಮಾನದ ಹೊಗೆಯಿಂದ ಹೊರಬೀಳುವ ಸೀಸವು ಸಾರ್ವಜನಿಕ ಆರೋಗ್ಯಕ್ಕೆ ಅಪಾಯಕಾರಿ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2023ರ ಅಕ್ಟೋಬರಿನಲ್ಲಿ ಅಧಿಕೃತವಾಗಿ ನಿರ್ಣಯಿಸಿತು. 2030ರ ಕೊನೆಯೊಳಗೆ ಸೀಸಯುಕ್ತ ವಿಮಾನ ಪೆಟ್ರೋಲನ್ನು ಕೈಬಿಡುವುದು ಆ ದೇಶದ ಗುರಿ. ಸೀಸರಹಿತ 100 ಆಕ್ಟೇನ್ ಇಂಧನವೊಂದಕ್ಕೆ 2022ರಲ್ಲಿ ಅಲ್ಲಿನ ವಿಮಾನಯಾನ ಆಡಳಿತದ ಒಪ್ಪಿಗೆ ದೊರೆತಿದೆ.

ಟರ್ಬೈನ್ ಇಂಧನ

ಟರ್ಬೈನ್ ಇಂಧನವು ಕಚ್ಚಾ ತೈಲದ ಭಟ್ಟಿ ಇಳಿಸುವಿಕೆಯಲ್ಲಿ ಪೆಟ್ರೋಲ್ ಮತ್ತು ಡೀಸೆಲ್‌ಗಳ ನಡುವಣ ಭಾಗದಲ್ಲಿ ದೊರೆಯುತ್ತದೆ. ಅದು ಬಣ್ಣವಿಲ್ಲದ ಅಥವಾ ತೆಳು ಹಳದಿಯ ದ್ರವ. ಮನೆಯ ದೀಪಕ್ಕೆ ಬಳಸುತ್ತಿದ್ದ ಸೀಮೆಎಣ್ಣೆಗೂ ಇದಕ್ಕೂ ಮೂಲ ಒಂದೇ. ಆದರೆ ವಿಮಾನಕ್ಕೆ ಹೋಗುವ ಇಂಧನದ ಶುದ್ಧತೆ, ಘನೀಭವನ ಬಿಂದು, ನೀರು ಮತ್ತು ಗಂಧಕದ ಪ್ರಮಾಣಗಳ ಮೇಲೆ ಕಟ್ಟುನಿಟ್ಟಿನ ಮಿತಿಗಳಿರುತ್ತವೆ. ಭಾರತದಲ್ಲಿ ಐಎಸ್ 1571 ಮಾನಕವು ಇದನ್ನು ನಿಗದಿಪಡಿಸುತ್ತದೆ.

• ಜೆಟ್ ಎ-1: ಭಾರತವೂ ಸೇರಿ ಜಗತ್ತಿನ ಬಹುಭಾಗದಲ್ಲಿ ನಾಗರಿಕ ವಿಮಾನಗಳ ಇಂಧನ. ಮೈನಸ್ 47 ಡಿಗ್ರಿ ಸೆಲ್ಸಿಯಸ್‌ವರೆಗೂ ಹೆಪ್ಪುಗಟ್ಟಬಾರದು. ಫ್ಲ್ಯಾಶ್ ಪಾಯಿಂಟ್, ಅಂದರೆ ಮೇಲ್ಮೈಯ ಆವಿಯು ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣಾಂಶ, 38 ಡಿಗ್ರಿಗಿಂತ ಕಡಿಮೆ ಇರಬಾರದು.
• ಜೆಟ್ ಎ: ಮುಖ್ಯವಾಗಿ ಅಮೆರಿಕದಲ್ಲಿ ಬಳಕೆ. ಘನೀಭವನ ಬಿಂದುವಿನ ಮಿತಿ ಮೈನಸ್ 40 ಡಿಗ್ರಿ.
• ಜೆಟ್ ಬಿ: ಸೀಮೆಎಣ್ಣೆ ಮತ್ತು ನಾಫ್ತಾದ ಮಿಶ್ರಣ. ಉತ್ತರ ಕೆನಡಾದಂಥ ಕಡು ಚಳಿಯ ಪ್ರದೇಶಗಳಲ್ಲಿ ಉಪಯುಕ್ತ. ಬೇಗ ಹೊತ್ತಿಕೊಳ್ಳುವುದರಿಂದ ನಿರ್ವಹಣೆ ಅಪಾಯಕರ.
• ಟಿಎಸ್-1: ರಷ್ಯಾ ಮತ್ತು ನೆರೆಯ ದೇಶಗಳ ದರ್ಜೆ. ಚಳಿಯನ್ನು ಹೆಚ್ಚು ತಡೆಯುತ್ತದೆ. ಫ್ಲ್ಯಾಶ್ ಪಾಯಿಂಟ್ ಮಿತಿ 28 ಡಿಗ್ರಿ.
• ಜೆಪಿ-5: ವಿಮಾನವಾಹಕ ನೌಕೆಗಳ ಮೇಲಿನ ಬಳಕೆಗಾಗಿ ಅಮೆರಿಕದ ನೌಕಾಪಡೆ ರೂಪಿಸಿದ ದರ್ಜೆ. ಹಡಗಿನಲ್ಲಿ ಬೆಂಕಿಯ ಅಪಾಯವನ್ನು ತಗ್ಗಿಸಲು ಇದರ ಫ್ಲ್ಯಾಶ್ ಪಾಯಿಂಟನ್ನು 60 ಡಿಗ್ರಿಗೆ ಏರಿಸಲಾಗಿದೆ.
• ಜೆಪಿ-8: ಜೆಟ್ ಎ-1ಕ್ಕೆ ಮಂಜು ನಿರೋಧಕ, ತುಕ್ಕು ನಿರೋಧಕ ಮೊದಲಾದ ದ್ರವ್ಯಗಳನ್ನು ಸೇರಿಸಿದ ಸೇನಾ ದರ್ಜೆ.
• ಜೆಪಿ-7: ಶಬ್ದದ ಮೂರು ಪಟ್ಟು ವೇಗವನ್ನು ದಾಟುತ್ತಿದ್ದ ಎಸ್‌ಆರ್-71 ವಿಮಾನಕ್ಕಾಗಿ ತಯಾರಿಸಿದ, ಸುಲಭವಾಗಿ ಹೊತ್ತಿಕೊಳ್ಳದ ಇಂಧನ.

ಒಂದು ಕಿಲೋಗ್ರಾಂ ಜೆಟ್ ಎ-1 ಕನಿಷ್ಠ 42.8 ಮೆಗಾಜೂಲ್ ಶಾಖವನ್ನು ಕೊಡಬೇಕು. 15 ಡಿಗ್ರಿ ಉಷ್ಣಾಂಶದಲ್ಲಿ ಒಂದು ಲೀಟರಿನ ತೂಕ 775ರಿಂದ 840 ಗ್ರಾಂಗಳ ನಡುವೆ ಇರಬೇಕು. ಸೆಸ್ನಾ 172ರ ಟ್ಯಾಂಕುಗಳಲ್ಲಿ ಸುಮಾರು 210 ಲೀಟರ್ ಪೆಟ್ರೋಲ್ ಹಿಡಿದರೆ, ಏರ್‌ಬಸ್ ಎ320ರಲ್ಲಿ ಸುಮಾರು 24,000 ಲೀಟರ್, ಬೋಯಿಂಗ್ 747-400ರಲ್ಲಿ ಸುಮಾರು 2,16,000 ಲೀಟರ್ ಟರ್ಬೈನ್ ಇಂಧನ ಹಿಡಿಯುತ್ತದೆ. ದೊಡ್ಡ ವಿಮಾನಗಳಲ್ಲಿ ಇಂಧನದ ಬಹುಭಾಗ ರೆಕ್ಕೆಗಳ ಒಳಗೇ ಇರುತ್ತದೆ.

ಇತರ ಶಕ್ತಿಮೂಲಗಳು

ಈ ಎರಡು ಬಗೆಗಳ ನಡುವೆ ಬರುವ ಒಂದು ಗುಂಪೂ ಇದೆ. ಡೈಮಂಡ್ ಡಿಎ42ರಂಥ ಕೆಲವು ಸಣ್ಣ ವಿಮಾನಗಳಲ್ಲಿ ಇರುವುದು ಡೀಸೆಲ್ ತತ್ತ್ವದ ಪಿಸ್ಟನ್ ಎಂಜಿನ್. ಅವು ಜೆಟ್ ಎ-1ರಿಂದಲೇ ನಡೆಯುತ್ತವೆ. ಆದಕಾರಣ ಪಿಸ್ಟನ್ ಎಂಜಿನ್ ಇದ್ದ ಮಾತ್ರಕ್ಕೆ ಪೆಟ್ರೋಲ್ ಎಂದು ಊಹಿಸುವುದೂ ತಪ್ಪಾಗಬಹುದು. ರೋಟ್ಯಾಕ್ಸ್ ಎಂಜಿನ್‌ಗಳಿರುವ ಹಗುರ ವಿಮಾನಗಳು ಸೀಸರಹಿತ ಮೋಟಾರು ಪೆಟ್ರೋಲನ್ನೂ ಬಳಸಬಲ್ಲವು. ಬಿಸಿಗಾಳಿಯ ಬಲೂನುಗಳಲ್ಲಿ ಪ್ರೊಪೇನ್ ಅನಿಲವನ್ನು ಉರಿಸುತ್ತಾರೆ.

ಬ್ಯಾಟರಿಯಿಂದ ಹಾರುವ ಪಿಪಿಸ್ಟ್ರೆಲ್ ವೆಲಿಸ್ ಎಲೆಕ್ಟ್ರೋ ವಿಮಾನಕ್ಕೆ 2020ರಲ್ಲಿ ಯುರೋಪಿನ ಮಾನ್ಯತೆ ದೊರೆಯಿತು. ಹೊಲಗಳಲ್ಲಿ ಔಷಧಿ ಸಿಂಪಡಿಸುವ ಡ್ರೋನ್‌ಗಳಲ್ಲಿ ಹೆಚ್ಚಿನವು ಬ್ಯಾಟರಿಯವೇ. ಆದರೆ ಒಂದೇ ತೂಕದ ಸೀಮೆಎಣ್ಣೆಗೆ ಹೋಲಿಸಿದರೆ ಬ್ಯಾಟರಿ ಹಿಡಿದಿಡುವ ಶಕ್ತಿ ಬಹಳ ಕಡಿಮೆ. ಆದ್ದರಿಂದ ದೂರದ ಹಾರಾಟಕ್ಕೆ ಅದು ಒದಗುತ್ತಿಲ್ಲ. ದ್ರವ ಜಲಜನಕದ ಸಮಸ್ಯೆ ಇದಕ್ಕೆ ವಿರುದ್ಧವಾದುದು. ಅದರ ಒಂದು ಕಿಲೋಗ್ರಾಂ ಸುಮಾರು 120 ಮೆಗಾಜೂಲ್ ಶಕ್ತಿ ಕೊಡುತ್ತದೆ. ಆದರೆ ಅದನ್ನು ಮೈನಸ್ 253 ಡಿಗ್ರಿಯಲ್ಲಿ ಇಡಬೇಕು, ಟ್ಯಾಂಕೂ ಬಹಳ ದೊಡ್ಡದಿರಬೇಕು. ಸೋವಿಯತ್ ಒಕ್ಕೂಟದ ಟುಪೊಲೆವ್ ಟಿಯು-155 ವಿಮಾನ 1988ರಲ್ಲಿ ಜಲಜನಕದಿಂದ ಪ್ರಾಯೋಗಿಕವಾಗಿ ಹಾರಿತ್ತು.

ಇಂಧನ ಅದಲುಬದಲಾದರೆ

ಪೆಟ್ರೋಲ್ ಎಂಜಿನ್‌ಗೆ ಟರ್ಬೈನ್ ಇಂಧನ ಸೇರುವುದು ಹೆಚ್ಚು ಅಪಾಯಕಾರಿ. ಕೊಳವೆಗಳಲ್ಲಿ ಉಳಿದಿರುವ ಪೆಟ್ರೋಲಿನಿಂದ ಎಂಜಿನ್ ಚಾಲೂ ಆಗುತ್ತದೆ, ವಿಮಾನ ಓಡುದಾರಿಯವರೆಗೂ ಸಾಗುತ್ತದೆ. ಟ್ಯಾಂಕಿನ ತಪ್ಪು ಇಂಧನವು ಸಿಲಿಂಡರಿಗೆ ತಲುಪುವುದು ಸಾಮಾನ್ಯವಾಗಿ ವಿಮಾನ ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ. ಸೀಮೆಎಣ್ಣೆಯ ಆಕ್ಟೇನ್ ಬಹಳ ಕಡಿಮೆಯಾದ ಕಾರಣ ಎಂಜಿನ್‌ನಲ್ಲಿ ತೀವ್ರ ನಾಕಿಂಗ್ ಉಂಟಾಗಿ ಶಕ್ತಿ ಕುಸಿಯುತ್ತದೆ. ಎತ್ತರ ಕಡಿಮೆ ಇರುವ ಆ ಹೊತ್ತಿನಲ್ಲಿ ಚಾಲಕನಿಗೆ ಹಿಂತಿರುಗಲು ಅವಕಾಶ ಇರುವುದಿಲ್ಲ.

1978ರಲ್ಲಿ ಅಮೆರಿಕದ ಖ್ಯಾತ ವೈಮಾನಿಕ ಬಾಬ್ ಹೂವರ್ ಅವರ ಶ್ರೈಕ್ ಕಮಾಂಡರ್ ವಿಮಾನಕ್ಕೆ ಪೆಟ್ರೋಲಿನ ಬದಲು ಜೆಟ್ ಇಂಧನವನ್ನು ತುಂಬಲಾಗಿತ್ತು. ಮೇಲೇರಿದ ಕೂಡಲೇ ಎರಡೂ ಎಂಜಿನ್‌ಗಳು ಶಕ್ತಿ ಕಳೆದುಕೊಂಡವು. ಹೂವರ್ ವಿಮಾನವನ್ನು ಇಳಿಸಿ ಎಲ್ಲರ ಜೀವ ಉಳಿಸಿದರು. ಅನಂತರ ಅವರ ಹೆಸರಿನ ನಳಿಕೆಯ ವಿನ್ಯಾಸ ಪ್ರಚಾರಕ್ಕೆ ಬಂದಿತು. ಜೆಟ್ ಇಂಧನದ ನಳಿಕೆಯ ಬಾಯಿ ಅಗಲವಾಗಿರುತ್ತದೆ, ಪೆಟ್ರೋಲ್ ವಿಮಾನದ ಟ್ಯಾಂಕಿನ ಬಾಯಿ ಕಿರಿದಾಗಿರುತ್ತದೆ. ಹೀಗಾಗಿ ತಪ್ಪು ನಳಿಕೆ ಒಳಗೆ ಹೋಗುವುದೇ ಇಲ್ಲ. ಇದರ ಜೊತೆಗೆ ವಿಮಾನ ಪೆಟ್ರೋಲಿನ ವಾಹನ ಮತ್ತು ಪಂಪುಗಳಿಗೆ ಕೆಂಪು ಹಿನ್ನೆಲೆಯ, ಜೆಟ್ ಇಂಧನದವಕ್ಕೆ ಕಪ್ಪು ಹಿನ್ನೆಲೆಯ ಫಲಕಗಳನ್ನು ಹಾಕುತ್ತಾರೆ.

ಬಣ್ಣವೊಂದನ್ನೇ ನಂಬುವುದು ಸಾಲದು. ನೀಲಿ ಪೆಟ್ರೋಲಿಗೆ ಬಣ್ಣವಿಲ್ಲದ ಜೆಟ್ ಇಂಧನ ಬೆರೆತರೆ ನೀಲಿ ತೆಳುವಾಗುತ್ತದೆಯೇ ಹೊರತು ಪೂರ್ತಿ ಮರೆಯಾಗದೆ ಇರಬಹುದು. ಅದಕ್ಕಾಗಿ ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ನೋಡುವ ಸರಳ ಪರೀಕ್ಷೆ ಇದೆ. ಶುದ್ಧ ಪೆಟ್ರೋಲ್ ಬೇಗ ಆರಿಹೋಗುತ್ತದೆ. ಜೆಟ್ ಇಂಧನ ಬೆರೆತಿದ್ದರೆ ಎಣ್ಣೆಯ ಕಲೆ ಉಳಿಯುತ್ತದೆ.

ಟರ್ಬೈನ್ ಎಂಜಿನ್‌ಗೆ ಪೆಟ್ರೋಲ್ ಸೇರಿದರೆ ಎಂಜಿನ್ ತಕ್ಷಣ ನಿಲ್ಲದಿರಬಹುದು. ಕೆಲವು ಎಂಜಿನ್‌ಗಳಿಗೆ ತುರ್ತು ಸಂದರ್ಭದಲ್ಲಿ ಮಿತಿಯೊಳಗೆ ಅದನ್ನು ಬಳಸಲು ಅನುಮತಿಯೂ ಇದೆ. ಆದರೆ ಪೆಟ್ರೋಲಿನಲ್ಲಿ ಜಿಡ್ಡು ಕಡಿಮೆ ಇರುವುದರಿಂದ ಪಂಪುಗಳು ಸವೆಯುತ್ತವೆ, ಸೀಸವು ಟರ್ಬೈನ್ ಅಲಗುಗಳ ಮೇಲೆ ಕಟ್ಟಿಕೊಳ್ಳುತ್ತದೆ.

ನೀರು, ಚಳಿ, ಶಾಖ ಮತ್ತು ಅಳತೆ

ಸರಿಯಾದ ಇಂಧನವೇ ಆದರೂ ಅದರೊಳಗಿನ ನೀರು ಅಪಾಯಕ್ಕೆ ಕಾರಣವಾಗಬಲ್ಲದು. ಟ್ಯಾಂಕಿನೊಳಗಿನ ಗಾಳಿ ತಣ್ಣಗಾದಾಗ ಅದರ ತೇವ ಹನಿಗೂಡಿ ಇಂಧನಕ್ಕೆ ಸೇರುತ್ತದೆ. ನೀರು ಇಂಧನಕ್ಕಿಂತ ಭಾರವಾದುದರಿಂದ ತಳದಲ್ಲಿ ನಿಲ್ಲುತ್ತದೆ. ಸಣ್ಣ ವಿಮಾನದ ಚಾಲಕರು ಹಾರಾಟಕ್ಕೆ ಮುನ್ನ ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನವನ್ನು ಪಾರದರ್ಶಕ ಲೋಟಕ್ಕೆ ತೆಗೆದು, ನೀರು, ಕಸ ಮತ್ತು ಬಣ್ಣವನ್ನು ಪರೀಕ್ಷಿಸುತ್ತಾರೆ. ನೀರು ನಿಂತ ಜೆಟ್ ಇಂಧನದ ಟ್ಯಾಂಕುಗಳಲ್ಲಿ ಒಂದು ಬಗೆಯ ಶಿಲೀಂಧ್ರವೂ ಬೆಳೆದು ಶೋಧಕಗಳನ್ನು ಮುಚ್ಚಬಲ್ಲದು.

2008ರ ಜನವರಿ 17ರಂದು ಬೀಜಿಂಗ್‌ನಿಂದ ಲಂಡನ್ನಿಗೆ ಬರುತ್ತಿದ್ದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 777 ವಿಮಾನವು ಹೀಥ್ರೂ ಓಡುದಾರಿಗೆ ಸ್ವಲ್ಪ ಮೊದಲೇ ನೆಲಕ್ಕೆ ಬಿದ್ದಿತು. ದೀರ್ಘಕಾಲ ಚಳಿಯಲ್ಲಿ ಹಾರಿದಾಗ ಕೊಳವೆಗಳಲ್ಲಿ ಕಟ್ಟಿದ್ದ ಮಂಜು ಒಮ್ಮೆಲೇ ಸಡಿಲಗೊಂಡು ಇಂಧನವನ್ನು ಬಿಸಿಮಾಡುವ ಸಾಧನದ ಮುಖವನ್ನು ಮುಚ್ಚಿತ್ತು ಎಂದು ತನಿಖೆ ತಿಳಿಸಿತು. ವಿಮಾನದಲ್ಲಿದ್ದ 152 ಮಂದಿಯೂ ಬದುಕುಳಿದರು. ಆ ಸಾಧನದ ವಿನ್ಯಾಸವನ್ನು ಅನಂತರ ಬದಲಾಯಿಸಲಾಯಿತು.

ಬೇಸಿಗೆಯ ಶಾಖದ ಪರಿಣಾಮ ಬೇರೆ ಬಗೆಯದು. ಜೆಟ್ ಎ-1ರ ಫ್ಲ್ಯಾಶ್ ಪಾಯಿಂಟ್ ಮಿತಿ 38 ಡಿಗ್ರಿ. ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿಯನ್ನು ದಾಟುತ್ತದೆ. ಅಂಥ ದಿನಗಳಲ್ಲಿ ಬಿಸಿಲಿಗೆ ಒಡ್ಡಿದ ಇಂಧನದ ಆವಿ ಕಿಡಿಯೊಂದರಿಂದ ಹೊತ್ತಿಕೊಳ್ಳಬಲ್ಲದು. ಆದುದರಿಂದ ಇಂಧನ ತುಂಬುವ ಮುನ್ನ ವಾಹನ ಮತ್ತು ವಿಮಾನವನ್ನು ತಂತಿಯಿಂದ ಜೋಡಿಸಿ ಸ್ಥಿರ ವಿದ್ಯುತ್ತಿನ ಕಿಡಿ ಹುಟ್ಟದಂತೆ ನೋಡಿಕೊಳ್ಳುತ್ತಾರೆ. 1996ರ ಜುಲೈ 17ರಂದು ನ್ಯೂಯಾರ್ಕಿನ ಬಳಿ ಟಿಡಬ್ಲ್ಯುಎ ಸಂಸ್ಥೆಯ ಬೋಯಿಂಗ್ 747 ವಿಮಾನದ ಮಧ್ಯದ ಟ್ಯಾಂಕಿನಲ್ಲಿ ಬಿಸಿಯಾಗಿದ್ದ ಆವಿ ಸ್ಫೋಟಿಸಿ 230 ಮಂದಿ ಮೃತಪಟ್ಟರು. ಅದರ ಫಲವಾಗಿ, ಟ್ಯಾಂಕಿನ ಖಾಲಿ ಜಾಗಕ್ಕೆ ಸಾರಜನಕ ಹೆಚ್ಚಿರುವ ಗಾಳಿಯನ್ನು ತುಂಬುವ ವ್ಯವಸ್ಥೆ ಜಾರಿಗೆ ಬಂದಿತು.

ಶಾಖಕ್ಕೆ ಇಂಧನ ಹಿಗ್ಗುತ್ತದೆ. 15 ಡಿಗ್ರಿಯಿಂದ 40 ಡಿಗ್ರಿಗೆ ಬಿಸಿಯಾದರೆ ಒಂದು ಲೀಟರ್ ಜೆಟ್ ಇಂಧನದ ತೂಕ ಸುಮಾರು ಶೇ. 2ರಷ್ಟು ಇಳಿಯುತ್ತದೆ. ಎಂಜಿನ್‌ಗೆ ದೊರೆಯುವ ಶಕ್ತಿಯು ತೂಕವನ್ನು ಅವಲಂಬಿಸಿರುವುದರಿಂದ ದೊಡ್ಡ ವಿಮಾನಗಳಲ್ಲಿ ಇಂಧನವನ್ನು ಲೀಟರಿನಲ್ಲಿ ಲೆಕ್ಕ ಹಾಕದೆ ಕಿಲೋಗ್ರಾಂ ಅಥವಾ ಪೌಂಡಿನಲ್ಲಿ ಲೆಕ್ಕ ಹಾಕುತ್ತಾರೆ. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನಕ್ಕೆ 22,300 ಕಿಲೋಗ್ರಾಂ ಇಂಧನ ಬೇಕಿತ್ತು. ಲೀಟರನ್ನು ತೂಕಕ್ಕೆ ಪರಿವರ್ತಿಸುವಾಗ ಕಿಲೋಗ್ರಾಮಿನ ಬದಲು ಪೌಂಡಿನ ಗುಣಕವಾದ 1.77 ಅನ್ನು ಬಳಸಿದ್ದರಿಂದ ಅದರ ಅರ್ಧಕ್ಕೂ ಕಡಿಮೆ ಇಂಧನ ಉಳಿಯಿತು. ನಡು ಆಕಾಶದಲ್ಲಿ ಎರಡೂ ಎಂಜಿನ್ ನಿಂತವು. ಚಾಲಕರು ವಿಮಾನವನ್ನು ತೇಲಿಸುತ್ತಲೇ ಗಿಮ್ಲಿ ಎಂಬ ಊರಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು, ಯಾರೂ ಸಾಯಲಿಲ್ಲ.

ಕರ್ನಾಟಕದಲ್ಲಿ

ವಿಮಾನ ಇಂಧನದ ಬಳಕೆಯ ಎರಡೂ ಧಾರೆಗಳನ್ನು ಕರ್ನಾಟಕದಲ್ಲಿ ಕಾಣಬಹುದು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಮುಂದೆ ಎಚ್‌ಎಎಲ್ ಆಯಿತು. ಎಚ್‌ಎಎಲ್ ಹಾಗೂ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ವಿಮಾನಗಳು ಪೆಟ್ರೋಲಿನಿಂದ ಸೀಮೆಎಣ್ಣೆಗೆ ಆದ ಬದಲಾವಣೆಯನ್ನು ತೋರಿಸುತ್ತವೆ. ಆವರಣದಲ್ಲಿರುವುದು ಮೊದಲ ಹಾರಾಟದ ವರ್ಷ.

• ಎಚ್‌ಟಿ-2 (1951), ಪುಷ್ಪಕ್ (1958), ಎಚ್‌ಪಿಟಿ-32 ದೀಪಕ್ (1977): ಪಿಸ್ಟನ್ ಎಂಜಿನ್; ವಿಮಾನ ಪೆಟ್ರೋಲ್.
• ಎಚ್‌ಎಫ್-24 ಮಾರುತ್ (1961), ಕಿರಣ್ (1964), ತೇಜಸ್ (2001): ಜೆಟ್ ಎಂಜಿನ್, ಟರ್ಬೈನ್ ಇಂಧನ.
• ಧ್ರುವ್ ಹೆಲಿಕಾಪ್ಟರ್ (1992): ಟರ್ಬೊಶಾಫ್ಟ್ ಎಂಜಿನ್, ಟರ್ಬೈನ್ ಇಂಧನ.
• ಸರಸ್ (2004), ಎಚ್‌ಟಿಟಿ-40 (2016): ಟರ್ಬೊಪ್ರಾಪ್ ಎಂಜಿನ್. ಹೊರಗೆ ಪಂಖ ಕಂಡರೂ ಒಳಗಿರುವುದು ಟರ್ಬೈನ್; ಆದ್ದರಿಂದ ಟರ್ಬೈನ್ ಇಂಧನ.
• ಹಂಸ-ಎನ್‌ಜಿ (2021): ರೋಟ್ಯಾಕ್ಸ್ ಪಿಸ್ಟನ್ ಎಂಜಿನ್, ಪೆಟ್ರೋಲ್.

ಮಂಗಳೂರಿನ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರದ ಉತ್ಪನ್ನಗಳಲ್ಲಿ ಟರ್ಬೈನ್ ಇಂಧನವೂ ಸೇರಿದೆ. 2008ರ ಮೇ 24ರಂದು ಆರಂಭವಾದ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ದೇವನಗೊಂದಿಯ ತೈಲಾಗಾರದಿಂದ ಸುಮಾರು 36 ಕಿಲೋಮೀಟರ್ ಉದ್ದದ ಕೊಳವೆ ಮಾರ್ಗದ ಮೂಲಕ ಇಂಧನ ಬರುತ್ತದೆ. ಇಂಥ ದೊಡ್ಡ ನಿಲ್ದಾಣಗಳಲ್ಲಿ ಇಂಧನವು ನೆಲದಡಿಯ ಕೊಳವೆಗಳಲ್ಲಿ ವಿಮಾನ ನಿಲ್ಲುವ ಸ್ಥಳದವರೆಗೂ ಬರುತ್ತದೆ. ಸಣ್ಣ ನಿಲ್ದಾಣಗಳಲ್ಲಿ ಟ್ಯಾಂಕರ್ ವಾಹನಗಳಿಂದ ತುಂಬಿಸುತ್ತಾರೆ.

1948ರಲ್ಲಿ ಆರಂಭವಾದ ಬೆಂಗಳೂರಿನ ಜಕ್ಕೂರು ವಾಯುನೆಲೆಯ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ಸೆಸ್ನಾ ವಿಮಾನಗಳು ವಿಮಾನ ಪೆಟ್ರೋಲ್ ಬಳಸುತ್ತವೆ. ಬೀದರ್ ವಾಯುಪಡೆ ಕೇಂದ್ರದಲ್ಲಿ ಯುದ್ಧವಿಮಾನ ಚಾಲಕರ ತರಬೇತಿಗೆ ಬಳಸುವ ಹಾಕ್ ವಿಮಾನಗಳು ಜೆಟ್‌ಗಳು; ಅವುಗಳ ಇಂಧನ ಸೀಮೆಎಣ್ಣೆಯ ಜಾತಿಯದು.

ಯಾದಗಿರಿ, ಶಹಾಪುರ, ಸುರಪುರ, ಕೆಂಭಾವಿ ಭಾಗಕ್ಕೆ ಹತ್ತಿರದ ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. 2021ರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು ವೈಮಾನಿಕ ತರಬೇತಿ ಶಾಲೆಗಳ ಸ್ಥಾಪನೆಗೆ ಆರಿಸಿದ ನಿಲ್ದಾಣಗಳಲ್ಲಿ ಬೆಳಗಾವಿ ಮತ್ತು ಕಲಬುರಗಿ ಸೇರಿದ್ದವು. ಪ್ರಯಾಣಿಕ ವಿಮಾನಕ್ಕೆ ಬೇಕಾದುದು ಟರ್ಬೈನ್ ಇಂಧನ, ಪೆಟ್ರೋಲ್ ಎಂಜಿನ್ನಿನ ತರಬೇತಿ ವಿಮಾನಕ್ಕೆ ಬೇಕಾದುದು 100 ಎಲ್‌ಎಲ್. ಎರಡೂ ಒಂದೇ ಅಂಗಳದಲ್ಲಿ ನಿಲ್ಲುವ ಇಂಥ ನಿಲ್ದಾಣಗಳಲ್ಲಿ ಫಲಕ, ನಳಿಕೆ ಮತ್ತು ಪರೀಕ್ಷೆಯ ನಿಯಮಗಳ ಪಾಲನೆ ವಿಶೇಷವಾಗಿ ಮುಖ್ಯ.

ಪೂರೈಕೆ ಮತ್ತು ತೆರಿಗೆ

ಭಾರತವು ಬಹುಕಾಲ ವಿಮಾನ ಪೆಟ್ರೋಲನ್ನು ಆಮದು ಮಾಡಿಕೊಳ್ಳುತ್ತಿತ್ತು. 2022ರ ಸೆಪ್ಟೆಂಬರಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ವಡೋದರದ ಸಂಸ್ಕರಣಾಗಾರದಲ್ಲಿ ತಯಾರಾದ 100 ಎಲ್‌ಎಲ್ ಇಂಧನವನ್ನು ಬಿಡುಗಡೆ ಮಾಡಿತು. ಆಮದು ಇಂಧನದ ವೆಚ್ಚವನ್ನು ಭರಿಸುತ್ತಿದ್ದ ತರಬೇತಿ ಶಾಲೆಗಳಿಗೆ ಇದು ಮಹತ್ವದ ಬೆಳವಣಿಗೆ.

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಯಾದಾಗ ಕಚ್ಚಾ ತೈಲ, ನೈಸರ್ಗಿಕ ಅನಿಲ, ಪೆಟ್ರೋಲ್, ಡೀಸೆಲ್‌ಗಳೊಂದಿಗೆ ಟರ್ಬೈನ್ ಇಂಧನವನ್ನೂ ಅದರ ಹೊರಗಿಡಲಾಯಿತು. ಆದಕಾರಣ ರಾಜ್ಯದಿಂದ ರಾಜ್ಯಕ್ಕೆ ಅದರ ಮೇಲಿನ ಮೌಲ್ಯವರ್ಧಿತ ತೆರಿಗೆ ಬೇರೆಬೇರೆ. ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕಲ್ಪಿಸುವ ಉಡಾನ್ ಯೋಜನೆಯಲ್ಲಿ, ಆ ಯೋಜನೆಯ ಹಾರಾಟಗಳಿಗೆ ಅಲ್ಲಿನ ನಿಲ್ದಾಣಗಳಲ್ಲಿ ತುಂಬಿಸುವ ಇಂಧನದ ಮೇಲಿನ ತೆರಿಗೆಯನ್ನು ರಾಜ್ಯಗಳು ಶೇ. 1 ಅಥವಾ ಅದಕ್ಕಿಂತ ಕಡಿಮೆಗೆ ಇಳಿಸಬೇಕೆಂಬ ನಿಯಮವಿದೆ. ವಿಮಾನ ಸಂಸ್ಥೆಯ ಖರ್ಚಿನಲ್ಲಿ ಇಂಧನದ ಪಾಲು ದೊಡ್ಡದಾದುದರಿಂದ, ಸಣ್ಣ ನಿಲ್ದಾಣವೊಂದರ ಹಾರಾಟ ಮುಂದುವರಿಯುವುದಕ್ಕೂ ಈ ತೆರಿಗೆಗೂ ನೇರ ಸಂಬಂಧವಿದೆ.

ಪರಿಸರ ಮತ್ತು ಜೈವಿಕ ಇಂಧನ

ಒಂದು ಕಿಲೋಗ್ರಾಂ ಜೆಟ್ ಇಂಧನ ಉರಿದಾಗ ಸುಮಾರು 3.16 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಇದನ್ನು ತಗ್ಗಿಸಲು ಬಳಸಿದ ಅಡುಗೆ ಎಣ್ಣೆ, ತಿನ್ನಲಾಗದ ಎಣ್ಣೆಬೀಜ, ಕೃಷಿ ತ್ಯಾಜ್ಯ, ಎಥೆನಾಲ್ ಮೊದಲಾದವುಗಳಿಂದ ಸುಸ್ಥಿರ ವಿಮಾನ ಇಂಧನ ತಯಾರಿಸಲಾಗುತ್ತಿದೆ. ಉರಿದಾಗ ಇದರಿಂದಲೂ ಇಂಗಾಲ ಹೊರಬೀಳುತ್ತದೆ; ಆದರೆ ಅದರಲ್ಲಿ ಬಹುಪಾಲು ಸಸ್ಯಗಳು ಬೆಳೆಯುವಾಗ ಗಾಳಿಯಿಂದ ಹೀರಿಕೊಂಡದ್ದೇ ಆಗಿರುತ್ತದೆ. ಈಗಿನ ಮಾನಕಗಳಂತೆ ಇದನ್ನು ಸಾಮಾನ್ಯ ಜೆಟ್ ಇಂಧನದೊಂದಿಗೆ ಗರಿಷ್ಠ ಶೇ. 50ರವರೆಗೆ ಬೆರೆಸಬಹುದು.

2018ರ ಆಗಸ್ಟ್ 27ರಂದು ಡೆಹ್ರಾಡೂನಿನಿಂದ ದೆಹಲಿಗೆ ಸ್ಪೈಸ್‌ಜೆಟ್‌ನ ಟರ್ಬೊಪ್ರಾಪ್ ವಿಮಾನವೊಂದು ಭಾಗಶಃ ಜೈವಿಕ ಇಂಧನದಿಂದ ಹಾರಿತು. ಅದರ ಇಂಧನವನ್ನು ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆ ಜಟ್ರೋಫಾ ಬೀಜಗಳ ಎಣ್ಣೆಯಿಂದ ತಯಾರಿಸಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ವಾಯುಪಡೆಯ ಎಎನ್-32 ವಿಮಾನದಲ್ಲೂ ಪರೀಕ್ಷೆ ನಡೆಯಿತು. 2019ರ ಗಣರಾಜ್ಯೋತ್ಸವದಲ್ಲಿ ಶೇ. 10ರಷ್ಟು ಜೈವಿಕ ಇಂಧನ ಬೆರೆಸಿದ ಎಎನ್-32 ಹಾರಿತು. ದೇಶದ ಸೇನಾ ವಿಮಾನಗಳ ಹಾರಾಟ ಯೋಗ್ಯತೆಯನ್ನು ಪ್ರಮಾಣೀಕರಿಸುವ ಸೆಮಿಲ್ಯಾಕ್ ಸಂಸ್ಥೆಯ ಕೇಂದ್ರ ಬೆಂಗಳೂರಿನಲ್ಲಿದೆ.

ಅಂತರರಾಷ್ಟ್ರೀಯ ಹಾರಾಟಗಳಲ್ಲಿ 2027ರಲ್ಲಿ ಶೇ. 1, 2028ರಲ್ಲಿ ಶೇ. 2 ಮತ್ತು 2030ರಲ್ಲಿ ಶೇ. 5ರಷ್ಟು ಸುಸ್ಥಿರ ಇಂಧನ ಬೆರೆಸುವ ಗುರಿಯನ್ನು ಭಾರತ ಇಟ್ಟುಕೊಂಡಿದೆ. ಯುರೋಪಿಯನ್ ಒಕ್ಕೂಟದಲ್ಲಿ 2025ರಿಂದ ಶೇ. 2 ಕಡ್ಡಾಯವಾಗಿದ್ದು, 2050ಕ್ಕೆ ಶೇ. 70ಕ್ಕೆ ಏರಬೇಕಿದೆ. ಇಂಥ ಇಂಧನಗಳು ಜೆಟ್ ಎ-1ರ ಎಲ್ಲ ಮಾನದಂಡಗಳನ್ನೂ ಪೂರೈಸಬೇಕಾದುದರಿಂದ, ಇವುಗಳ ಬಳಕೆಗೆ ಎಂಜಿನ್ ಆಗಲಿ ಟ್ಯಾಂಕುಗಳಾಗಲಿ ಬದಲಾಗಬೇಕಿಲ್ಲ.